ಬಚ್ಚಲೊಲೆಯ ಹೊಗೆಗೊಂದು ತೂತು

ಗೋಡೆ ಕೊರೆಯಲು ಹಿಡಿದದ್ದು ಅರ್ಧ ದಿನ. ಆ ತೂತಿನಿಂದ ಮಳೆನೀರು ಒಳಗೆ ಬಾರದ ಹಾಗೆ ಮಾಡಲು ಹಿಡಿದದ್ದು ಹತ್ತು ವಾರ. ಒಲೆಗೆ ಹೊಗೆಪೈಪು ಹಾಕಿಸುವ ಆಲೋಚನೆ ನಿಮಗೂ ಇದ್ದರೆ ಈ ಲೆಕ್ಕ ಮೊದಲೇ ಗೊತ್ತಿರಲಿ. ನನಗೆ ಯಾರೂ ಹೇಳಿರಲಿಲ್ಲ. ಅಲ್ಲ, ಆಯಿ, ಅಂದರೆ ನನ್ನ ಅಮ್ಮ, ಹೇಳಿದ್ದಳು. ನಾನು ಕೇಳಲಿಲ್ಲ ಅಷ್ಟೇ.

ನಾವಿರುವುದು ಗೋವಾದ ಫೋಂಡಾ ಪೇಟೆಯಿಂದ ಸ್ವಲ್ಪ ಹೊರಗೆ. ನಾನು ಕುಂಡೈ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಕೆಲಸದಲ್ಲಿದ್ದೇನೆ. ಮನೆ ಹಳೆಯದು. ಚಿರೆಕಲ್ಲಿನ ದಪ್ಪ ಗೋಡೆ, ಮಂಗಳೂರು ಹೆಂಚು, ಹಿಂದೆ ಇಳಿಸಿ ಕಟ್ಟಿದ ಬಚ್ಚಲುಮನೆ, ಹಿತ್ತಲಲ್ಲಿ ಆರು ತೆಂಗಿನ ಮರ. ಅಪ್ಪಯ್ಯ ಹೋದ ಮೇಲೆ ಆಯಿ ಕುಮಟೆಯಿಂದ ನಮ್ಮ ಜೊತೆ ಬಂದಳು. ಬರುವಾಗ ಅವಳ ಜೊತೆ ತಾಮ್ರದ ಹಂಡೆಯೂ ಬಂತು. ಗೀಸರ್ ಇದೆ, ಆದರೆ ಮಳೆಗಾಲದಲ್ಲಿ ಕರೆಂಟು ಹೋದರೆ ಅದೂ ಇಲ್ಲ. ಕಾಯಿ ಸಿಪ್ಪೆ, ಕರಟ, ಮಡ್ಲು (ತೆಂಗಿನ ಗರಿ) ಎಲ್ಲ ಹಿತ್ತಲಲ್ಲಿ ರಾಶಿ ಬಿದ್ದಿರುವಾಗ ದುಡ್ಡು ಕೊಟ್ಟು ನೀರು ಕಾಯಿಸುವುದು ಆಯಿಗೆ ಸರಿ ಕಾಣಲಿಲ್ಲ. ಬಚ್ಚಲಿನ ಮೂಲೆಯಲ್ಲಿ ಚಿರೆಕಲ್ಲು ಮತ್ತು ಮಣ್ಣಿನಿಂದ ಒಲೆ ಎದ್ದಿತು. ಹಂಡೆ ಕೂತಿತು.

ಮೊದಲೆರಡು ವರ್ಷ ಹೊಗೆ ತೊಂದರೆ ಕೊಡಲಿಲ್ಲ. ಹೆಂಚಿನ ಸಂದಿಯಲ್ಲೇ ಹೊರಗೆ ಹೋಗುತ್ತಿತ್ತು. ಆಮೇಲೆ ಹೆಂಚು ಸೋರುತ್ತದೆ ಅಂತ ಕೆಳಗೆ ತಗಡು ಹಾಸಿಸಿದೆ. ಸೋರುವುದು ನಿಂತಿತು. ಹೊಗೆ ಹೋಗುವುದೂ ನಿಂತಿತು. ಬೆಳಿಗ್ಗೆ ಸ್ನಾನಕ್ಕೆ ಹೋದವರು ಕಣ್ಣು ಕೆಂಪು ಮಾಡಿಕೊಂಡು, ಮೈಯೆಲ್ಲ ಹೊಗೆವಾಸನೆಯಾಗಿ ಬರುತ್ತಿದ್ದೆವು. ಒಂದೇ ಮಳೆಗಾಲಕ್ಕೆ ತಗಡಿನಿಂದ ಮಸಿಯ ಇಲ್ಲಣ ಜೋತಾಡಲು ಶುರುವಾಯಿತು. ಆಯಿಯ ಕೆಮ್ಮು ನಿಲ್ಲಲಿಲ್ಲ. ಮಳೆಗೂ ಹೊಗೆಗೂ ಎಣ್ಣೆ ಸೀಗೆಕಾಯಿ ಸಂಬಂಧ ಅನ್ನುವುದು ನನಗೆ ಅಲ್ಲೇ ತಿಳಿಯಬೇಕಿತ್ತು. ಒಂದಕ್ಕೆ ದಾರಿ ಮುಚ್ಚಿದರೆ ಇನ್ನೊಂದಕ್ಕೂ ಮುಚ್ಚುತ್ತದೆ.

ಕುಮಟೆ ಮನೆಯ ಅಡುಗೆಕೋಣೆಯಲ್ಲಿ ನಾನು ಚಿಕ್ಕವನಿದ್ದಾಗ ಅಸ್ತ್ರ ಒಲೆ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರು ಶುರು ಮಾಡಿದ ಅಸ್ತ್ರ ಕೇಂದ್ರದವರು ರೂಪಿಸಿದ, ಮೂರು ಪಾತ್ರೆ ಕೂರುವ ಒಲೆ ಅದು. ಕಟ್ಟಿಗೆ ಕಡಿಮೆ, ಹೊಗೆ ಪೈಪಿನಲ್ಲಿ ಹೊರಗೆ. ನಮ್ಮಲ್ಲಿದ್ದ ಪೈಪು ಸಿಮೆಂಟ್ ಶೀಟಿನ ಜಾತಿಯದು, ಅಂದರೆ ಒಳಗೆ ಕಲ್ನಾರು. ಅದು ಬಿಸಿಗೆ ಸೀಳು ಬಿಟ್ಟಾಗ ಅಪ್ಪಯ್ಯ ಗರಗಸದಲ್ಲಿ ಕೊಯ್ದು ಬೇರೆ ತುಂಡು ಹಾಕಿದ್ದು ನೆನಪಿದೆ. ಈಗಲೂ ಹಳೇ ಸಾಮಾನಿನ ಅಂಗಡಿಗಳಲ್ಲಿ ಅಂಥ ಪೈಪು ಸಿಗುತ್ತದೆ. ತರಬೇಡಿ, ಇದ್ದರೆ ಕೊಯ್ಯಬೇಡಿ. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ, ಕ್ಯಾನ್ಸರ್ ತರುತ್ತದೆ.

ಪೈಪನ್ನು ನೆಟ್ಟಗೆ ಮಾಡಿನ ಮೂಲಕ ಮೇಲೆ ಕಳಿಸುವುದು ಹೊಗೆಗೆ ಅತಿ ಒಳ್ಳೆಯ ದಾರಿ. ಬೆಂಡಿಲ್ಲ, ಅಡ್ಡ ಓಟವಿಲ್ಲ. ಆದರೆ ಹಾಸಿದ ತಗಡಿಗೆ, ಹೆಂಚಿಗೆ ಎರಡಕ್ಕೂ ತೂತು ಹಾಕಬೇಕು. ಪಕಾಸು, ರೀಪು ಎಲ್ಲ ಮರದ್ದು. ಒಂಟಿ ಪದರದ ಹೊಗೆಪೈಪಿಗೂ ಮರಕ್ಕೂ ನಡುವೆ 18 ಇಂಚು ಬಿಡಬೇಕು ಅಂತ ಅಮೆರಿಕದ ಅಗ್ನಿಸುರಕ್ಷೆ ನಿಯಮ. ನಮ್ಮ ಪಕಾಸುಗಳ ನಡುವೆ ಇರುವುದೇ ಎರಡು ಅಡಿಗಿಂತ ಕಡಿಮೆ. ಹಾಗಾಗಿ ಗೋಡೆಯೇ ಗತಿ. ಚಿರೆಕಲ್ಲಿಗೆ ಬೆಂಕಿ ಹತ್ತುವ ಭಯವಿಲ್ಲ.

ಯಾವ ಗೋಡೆ? ಒಲೆಯ ಹಿಂದೆಯೇ ಇರುವುದು ಪಡುವಣ ಗೋಡೆ. ಗೋವಾದಲ್ಲಿ ಪಡುವಣ ಗೋಡೆಗೆ ತೂತು ಹಾಕುವುದು ಅಂದರೆ ಮಳೆಗೆ ಮಂಟಪ ಕಟ್ಟಿ ಕರೆದ ಹಾಗೆ. ವರ್ಷಕ್ಕೆ ಸುಮಾರು 3000 ಮಿ.ಮೀ. ಸುರಿಯುವ ಮಳೆ, ಬಹುಪಾಲು ಬರುವುದು ನೈಋತ್ಯ ಮತ್ತು ಪಡುವಣ ಗಾಳಿಯ ಜೊತೆ. ಬಡಗಣ ಗೋಡೆ ಒಲೆಯ ಪಕ್ಕಕ್ಕಿದೆ, ಮಾಡಿನ ಚಾಚು ಅಲ್ಲಿ ಎಂಟೇ ಇಂಚು. ಅದನ್ನೇ ಹಿಡಿದೆ. ಮೂಲೆಯಿಂದ ಮೂರು ಅಡಿ ದೂರ, ನೆಲದಿಂದ ಐದು ಅಡಿ ಎತ್ತರ, ಮೇಲೆ ತೊಲೆ ಕೂರುವ ಜಾಗದಿಂದ ಪಕ್ಕಕ್ಕೆ.

ಗೌಂಡಿ ಬಾಗಲಕೋಟೆ ಕಡೆಯವರು. ಗೋವಾದಲ್ಲಿ ಕಟ್ಟಡ ಕೆಲಸಕ್ಕೆ ಹೋದಲ್ಲೆಲ್ಲ ನಿಮಗೆ ಕನ್ನಡ ಕೇಳಿಸುತ್ತದೆ, ಬಹುತೇಕ ಉತ್ತರ ಕರ್ನಾಟಕದ ಕನ್ನಡ. ಗೋಡೆ ಬೀಳುತ್ತದಾ ಅಂತ ಕೇಳಿದ್ದಕ್ಕೆ ಅವರು ನಕ್ಕರು. "ಒಂದ್ ಕಲ್ಲ ತಗದ್ರ ಏನೂ ಆಗಂಗಿಲ್ರಿ ಸರ್ರ. ಮ್ಯಾಲಿನ ಕಲ್ಲ ಆಜೂಬಾಜೂದವನ್ನ ಹಿಡಕೊಂಡು ನಿಂತಿರ್ತಾವ. ಎರಡ್ ತಗದ್ರಿ ಅಂದ್ರ ಆವಾಗ ವಿಚಾರ ಮಾಡಬೇಕು." ಎಂಜಿನಿಯರಿಂಗ್ ಪುಸ್ತಕದಲ್ಲೂ ಇದೇ ಇದೆ. ಸಣ್ಣ ತೂತಿನ ಮೇಲೆ ಒಂದು ತ್ರಿಕೋನದಷ್ಟು ಗೋಡೆಯ ಭಾರ ಮಾತ್ರ ಸಡಿಲವಾಗುತ್ತದೆ, ಉಳಿದ ಭಾರ ಕಮಾನಿನ ಹಾಗೆ ಅಕ್ಕಪಕ್ಕಕ್ಕೆ ಇಳಿಯುತ್ತದೆ. ನನಗೆ ಗೌಂಡಿಯ ವಿವರಣೆಯೇ ಜಾಸ್ತಿ ಹಿಡಿಸಿತು.

ಪೈಪು ತರಲು ಹೋದಾಗ ಮೊದಲ ಅಂಗಡಿಯವನು ಅಡುಗೆಮನೆ ಚಿಮಣಿಗೆ ಹಾಕುವ ಅಲ್ಯೂಮಿನಿಯಂ ಸುಕ್ಕು ಪೈಪು ತೋರಿಸಿದ. ಅದು ಒಗ್ಗರಣೆ ಹೊಗೆಗೆ ಸರಿ. ಕಟ್ಟಿಗೆ ಬೆಂಕಿಗೆ ಕಾಗದದಷ್ಟು ತೆಳು. ಎರಡನೆಯವನು ಜಿಐ ಪೈಪು ಕೊಡುತ್ತೇನೆ ಅಂದ. ಜಿಐ ಅಂದರೆ ಕಬ್ಬಿಣದ ಮೇಲೆ ಸತುವಿನ ಲೇಪ. ಸುಮಾರು 420 ಡಿಗ್ರಿಗೆ ಸತು ಕರಗುತ್ತದೆ, ಇನ್ನೂ ಕಾದರೆ ಹೊಗೆಯಾಗುತ್ತದೆ. ಜಿಐ ವೆಲ್ಡಿಂಗ್ ಮಾಡಿದ ದಿನ ರಾತ್ರಿ ನಮ್ಮ ವೆಲ್ಡರ್‌ಗಳಿಗೆ ಚಳಿಜ್ವರ ಬರುವುದನ್ನು ನೋಡಿದ್ದೇನೆ. ಒಲೆಯ ಬಾಯಿಗೆ ಅದು ಬೇಡ. ಕೊನೆಗೆ ಒಲೆಯಿಂದ ಗೋಡೆ ದಾಟುವವರೆಗೆ 2 ಮಿ.ಮೀ. ದಪ್ಪದ ಎಂಎಸ್ (ಸಾದಾ ಉಕ್ಕಿನ) ಪೈಪು, ಹೊರಗಿನದು ತುಕ್ಕು ಹಿಡಿಯದ 304 ಸ್ಟೀಲ್ ಅಂತ ತೀರ್ಮಾನ ಮಾಡಿದೆ. ಇಲ್ಲಿನ ಉಪ್ಪುಗಾಳಿಗೆ ಎಂಎಸ್ ಹೊರಗಿಟ್ಟರೆ ಎರಡು ಮಳೆಗಾಲಕ್ಕೆ ಜರಡಿ. ಪೈಪಿನ ಅಗಲ 5 ಇಂಚು. ಗೋಡೆಯಲ್ಲಿ ಅದರ ಸುತ್ತ ಕೂರಲು 7 ಇಂಚಿನ ಸ್ಟೀಲ್ ಕೊಳವೆ, ಅದಕ್ಕೆ ಗೋಡೆಯಲ್ಲಿ 8 ಇಂಚಿನ ತೂತು.

ಏಪ್ರಿಲ್ ಮೂರನೇ ಭಾನುವಾರ ಕೆಲಸ ಶುರು. ಗೋಡೆ ಗಾರೆ ಸೇರಿ 17 ಇಂಚು ದಪ್ಪ. ನನ್ನ ಡ್ರಿಲ್ಲಿನ ಬಿಟ್ ಉದ್ದ 12 ಇಂಚು. ಹಾಗಾಗಿ ಒಳಗಿನಿಂದ ಅರ್ಧ, ಹೊರಗಿನಿಂದ ಅರ್ಧ ಕೊರೆದು ನಡುವೆ ಸೇರಿಸುವುದು ಅಂತ ಯೋಜನೆ. ಎತ್ತರಕ್ಕೆ ಲೆವೆಲ್ ಪೈಪು ಹಿಡಿದೆವು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಕಿಟಕಿಯ ಮೂಲಕ ಎರಡೂ ಕಡೆ ಮಟ್ಟ ಗುರುತು ಮಾಡುವುದು. ಅದು ಕೂದಲೆಳೆಯಷ್ಟೂ ತಪ್ಪಲಿಲ್ಲ. ಅಡ್ಡ ಅಳತೆಗೆ ಕಿಟಕಿಯ ಅಂಚಿನಿಂದ ಟೇಪು ಹಿಡಿದೆ. ಒಳಗೆ 31 ಇಂಚು, ಹೊರಗೆ 31 ಇಂಚು. ಕೊರೆದೆವು. ಎರಡೂ ತೂತು ನಡುವೆ ಸೇರಲೇ ಇಲ್ಲ. ಒಳಗಿನಿಂದ ತಂತಿ ತೂರಿಸಿದರೆ ಕಲ್ಲಿಗೆ ತಾಗುತ್ತಿತ್ತು.

ಗೌಂಡಿ ಕಿಟಕಿಯ ಹತ್ತಿರ ಹೋಗಿ ಸುಮ್ನೆ ಕೈ ತೋರಿಸಿದರು. ಹಳೇ ಮನೆಯ ಕಿಟಕಿ. ಬೆಳಕು ಜಾಸ್ತಿ ಬರಲಿ ಅಂತ ಪಕ್ಕದ ಗೋಡೆಯನ್ನು ಓರೆಯಾಗಿ ಕಟ್ಟಿದ್ದಾರೆ. ಹೊರಗೆ ಕಿರಿದು, ಒಳಗೆ ಅಗಲ. ಒಂದೊಂದು ಬದಿಗೆ ಎರಡಿಂಚು ವ್ಯತ್ಯಾಸ. ಮೂರು ವರ್ಷದಿಂದ ಆ ಕಿಟಕಿಯಲ್ಲಿ ಸೋಪು ಇಡುತ್ತಿದ್ದೇನೆ, ಒಮ್ಮೆಯೂ ಗಮನಿಸಿರಲಿಲ್ಲ. ಆಮೇಲೆ ಕಿಟಕಿಯ ಸರಳಿನಿಂದ ಅಳೆದೆವು. ಸರಳಿಗೆ ಒಳ, ಹೊರ ಅಂತ ಇಲ್ಲವಲ್ಲ. ಈ ಸಲ ಎರಡೂ ಕಡೆಯ ತೂತು ಸರಿಯಾಗಿ ಸೇರಿತು, ಆ ಕಡೆಯಿಂದ ಒಂದು ಕಡ್ಡಿಯಷ್ಟು ಬೆಳಕು ಬಂತು.

ಆ ತೂತಿನ ಸುತ್ತ ಎಂಟಿಂಚಿನ ವೃತ್ತ ಎಳೆದು, ಗೆರೆಯ ಮೇಲೆ ಒತ್ತೊತ್ತಾಗಿ ಡ್ರಿಲ್ ತೂತು ಹಾಕಿ, ಉಳಿದದ್ದನ್ನು ಚಾಣ ಸುತ್ತಿಗೆಯಲ್ಲಿ ಬಿಡಿಸಿದೆವು. ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪ. ಒಂದೇ ಕಡೆಯಿಂದ ಹೊಡೆದರೆ ಆ ಕಡೆಯ ಗಾರೆ ತಟ್ಟೆಯಗಲ ಕಿತ್ತು ಬೀಳುತ್ತದೆ. ಬ್ರೇಕರ್ ಮಷಿನ್ ಬೇಡ ಅಂದವರು ಗೌಂಡಿಯೇ. ಕಲ್ಲಿನ ನಡುವೆ ಇರುವುದು ಮಣ್ಣಿನ ಕೆಸರು, ಅದುರಿದರೆ ಉದುರುತ್ತದೆ. ಕಾಂಕ್ರೀಟಿಗೆ ಬಳಸುವ ಕೋರ್ ಕಟಿಂಗ್ ಮಷಿನ್ನೂ ಇದೇ ಕಾರಣಕ್ಕೆ ಬೇಡವಾಯಿತು, ಅದಕ್ಕೆ ನೀರು ಹರಿಸುತ್ತಲೇ ಇರಬೇಕು, ನೀರಿಗೆ ಆ ಕೆಸರು ಕರಗುತ್ತದೆ.

ಚಿರೆಕಲ್ಲು ಹೊರಗೆ ಗಟ್ಟಿ, ಒಳಗೆ ಮೆತ್ತಗೆ. ಗಣಿಯಿಂದ ತೆಗೆದಾಗ ಕೊಡಲಿಯಂಥ ಹತಾರದಲ್ಲೇ ಕೆತ್ತಬಹುದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಕನ್ನಡದ ಪುಸ್ತಕದ ಹೆಸರು ಜಂಬಿಟ್ಟಿಗೆ. ಬುಕಾನನ್ 1807ರಲ್ಲಿ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟದ್ದೂ ಇಟ್ಟಿಗೆ ಅನ್ನುವ ಲ್ಯಾಟಿನ್ ಪದದಿಂದಲೇ. ಚಾಣ ನಾಲ್ಕಿಂಚು ಒಳಗೆ ಹೋದ ಮೇಲೆ ಸದ್ದೇ ಬದಲಾಯಿತು. ಟಣ್ ಅನ್ನುತ್ತಿದ್ದದ್ದು ಡುಬ್ ಅಂತು. ಒಳಗಿನ ಕಲ್ಲು ಒದ್ದೆ ಬೆಲ್ಲದ ಹಾಗೆ ಹೋಳಾಗಿ ಬಂತು, ಜೇನುಗೂಡಿನಂಥ ಕಣ್ಣುಕಣ್ಣು, ಕಣ್ಣಿನೊಳಗೆ ಹಳದಿ ಮಣ್ಣು. ಗಾರೆಯ ಒಂದು ಹೆಕ್ಕಳದಲ್ಲಿ ಉಗುರಿನಷ್ಟು ಬಿಳಿ ಚಿಪ್ಪಿನ ಚೂರು ಸಿಕ್ಕಿತು. ಆಗ ಕರಾವಳಿಯಲ್ಲಿ ಚಿಪ್ಪು ಸುಟ್ಟೇ ಸುಣ್ಣ ಮಾಡುತ್ತಿದ್ದರು, ಸರಿಯಾಗಿ ಬೇಯದೆ ಉಳಿದ ಚೂರು ಅದು.

ಧೂಳಿನ ಬಗ್ಗೆ ಒಂದೇ ಮಾತು. ಎನ್95 ಮಾಸ್ಕ್ ಹಾಕಿಕೊಳ್ಳಿ, ಕನ್ನಡಕ ಹಾಕಿಕೊಳ್ಳಿ, ಹಂಡೆ ಮುಚ್ಚಿಡಿ. ನಾನು ಮೊದಲ ಎರಡು ಮಾಡಿದೆ. ಹಂಡೆ ತಿಕ್ಕಲು ಆಯಿ ಹುಣಸೆಹಣ್ಣು ಹಿಡಿದು ಕೂತಾಗ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ತೂತು ಮುಗಿದ ಮೇಲೆ ಆಯಿ ಬಂದು ಅದರೊಳಗೆ ಬಗ್ಗಿ ಹಿತ್ತಲು ನೋಡಿದಳು. "ತಮಾ, ಇದು ಹೊಗೆ ಹೋಪ ದಾರಿನೋ, ಮಳೆ ಬಪ್ಪ ದಾರಿನೋ?" ಅಂದಳು. ನಾನು ನಕ್ಕು ಬಿಟ್ಟೆ.

ಇನ್ನು ಇಳಿಜಾರಿನ ವಿಷಯ. ಇಡೀ ಕೆಲಸದಲ್ಲಿ ಬುದ್ಧಿ ಖರ್ಚಾದದ್ದು ಇಲ್ಲಿ ಮಾತ್ರ. ಹೊಗೆಪೈಪು ಗೋಡೆ ದಾಟುವಾಗ ಹೊರಗಡೆಗೆ ಏರುತ್ತಾ ಹೋಗಬೇಕು, ಅಡಿಗೆ ಕಾಲಿಂಚಿನ ಲೆಕ್ಕದಲ್ಲಿ. ಬಿಸಿ ಹೊಗೆಗೆ ಮೇಲೆ ಹೋಗಲು ಸಲೀಸು ಅನ್ನುವುದು ಒಂದು. ಇನ್ನೊಂದು, ಪೈಪಿನೊಳಗೆ ಹೊಗೆ ತಣಿದು ಡಾಂಬರಿನಂಥ ಕರಿನೀರು ಇಳಿದರೆ ಅದು ಮರಳಿ ಒಲೆಗೆ ಹೋಗಿ ಸುಟ್ಟುಹೋಗಬೇಕು. ಮಳೆಗೆ ಬೇಕಾದ್ದು ಇದರ ತದ್ವಿರುದ್ಧ. ಗೋಡೆಯಲ್ಲಿರುವ ಯಾವ ತೂತಾದರೂ ಹೊರಗಡೆಗೆ ಇಳಿಜಾರಿರಬೇಕು, ಇಲ್ಲದಿದ್ದರೆ ನೀರು ಒಳಗೆ. ಒಂದೇ ತೂತು ಹೊರಗೆ ಏರಲೂ ಬೇಕು, ಇಳಿಯಲೂ ಬೇಕು!

ಎರಡು ರಾತ್ರಿ ಕಾಗದದ ಮೇಲೆ ಗೀಚಿದ ಮೇಲೆ ಹೊಳೆಯಿತು. ನನ್ನ ಹತ್ತಿರ ಇರುವುದು ಎರಡು ಪೈಪು. ಹೊರಗಿನ ಏಳಿಂಚಿನ ಕೊಳವೆ ಗೋಡೆಯದು, ಅದನ್ನು ಮಳೆಗೆ ಬಿಟ್ಟುಕೊಡೋಣ. ಒಳಗಿನ ಐದಿಂಚಿನ ಪೈಪು ಹೊಗೆಯದು. ಕೊಳವೆ ಹೊರಗೆ ಇಳಿಯಲಿ, ಪೈಪು ಹೊರಗೆ ಏರಲಿ. 17 ಇಂಚಿಗೆ ಒಂದೊಂದರ ಇಳಿಜಾರು ಮುಕ್ಕಾಲಿಂಚಿನ ಅರ್ಧ, ಎರಡೂ ಸೇರಿ ಮುಕ್ಕಾಲಿಂಚು. ಗೋಡೆಯ ನಡುಮಧ್ಯದಲ್ಲಿ ಎರಡರ ಕೇಂದ್ರ ಒಂದೇ ಇಟ್ಟರೆ ಎರಡು ತುದಿಯಲ್ಲೂ ಸಂದಿ ಒಂದಿಂಚಿನಿಂದ ಬರೀ ಮುಕ್ಕಾಲಿಂಚಿನ ಅರ್ಧದಷ್ಟು ಕಮ್ಮಿಯಾಗುತ್ತದೆ. ಅತಿ ಕಿರಿದಾದ ಜಾಗದಲ್ಲೂ ಅರ್ಧ ಇಂಚಿಗಿಂತ ಜಾಸ್ತಿ ಉಳಿಯುತ್ತದೆ. ಸಾಕು. ಕೊಳವೆ ಹೊರಗೆ ಎರಡಿಂಚು ಚಾಚಿಸಿ, ತುದಿಯ ಕೆಳಗಂಚನ್ನು ಸ್ವಲ್ಪ ಬಗ್ಗಿಸಿದೆ. ನೀರು ಗೋಡೆಗೆ ಅಂಟಿ ಹಿಂದೆ ಹರಿಯದೆ ಅಲ್ಲೇ ತೊಟ್ಟಿಕ್ಕಲಿ ಅಂತ.

ಕೊಳವೆಯ ಸುತ್ತ ಗೋಡೆಗೆ ಗಾರೆ ಹಾಕಿಸಿ ಮರುದಿನ ನಾನು ಡ್ಯೂಟಿಗೆ ಹೋದೆ. ಸಂಜೆ ಬಂದು ನೋಡಿದರೆ ಕೊಳವೆಗೂ ಪೈಪಿಗೂ ನಡುವೆ ಬಿಟ್ಟ ಸಂದಿಗೂ ಸಿಮೆಂಟ್ ತುಂಬಿ ನುಣ್ಣಗೆ ಕೈಯಾಡಿಸಿ ಹೋಗಿದ್ದಾರೆ! ಫೋನ್ ಮಾಡಿದೆ. "ಅಷ್ಟ್ ಸಂದಿ ಬಿಟ್ರ ಹಲ್ಲಿ ಬರ್ತಾವ, ಇಲಿ ಬರ್ತಾವ್ರಿ ಸರ್ರ. ಅದಕ್ಕ ನಾನ ತುಂಬೀನ್ರಿ." ಪಾಪ, ಪ್ರೀತಿಯಿಂದಲೇ ಮಾಡಿದ್ದು. ನೋಡೋಣ ಅಂತ ನಾನೂ ಬಿಟ್ಟೆ, ಅದು ನನ್ನ ಸೋಮಾರಿತನ. ಮೂರನೇ ದಿನದ ಬೆಂಕಿಗೆ ಪೈಪಿನ ಸುತ್ತ ನಕ್ಷತ್ರದ ಹಾಗೆ ಐದು ಸೀಳು ಬಿಟ್ಟಿತು. ಉಕ್ಕು ಒಂದು ಮೀಟರಿಗೆ 250 ಡಿಗ್ರಿ ಜಾಸ್ತಿ ಕಾದರೆ ಸುಮಾರು 3 ಮಿ.ಮೀ. ಉದ್ದವಾಗುತ್ತದೆ. ಐದಿಂಚಿನ ಅಗಲಕ್ಕೆ ಅದು ಅರ್ಧ ಮಿ.ಮೀ. ಕೂಡ ಇಲ್ಲ. ಆದರೆ ಸಿಮೆಂಟಿಗೆ ಅಷ್ಟೇ ಸಾಕು. ಮತ್ತೆ ಚಾಣ ಹಿಡಿದು ಅದನ್ನೆಲ್ಲ ಕಿತ್ತೆ. ಸಂದಿಗೆ ಬಿಸಿ ತಾಳುವ, ಹತ್ತಿಯಂಥ ಸೆರಾಮಿಕ್ ವುಲ್ ಸಡಿಲವಾಗಿ ತುಂಬಿದೆ, ಎರಡೂ ಕಡೆ ತಗಡಿನ ಬಿಲ್ಲೆ ಮುಚ್ಚಿದೆ. ಬಿಲ್ಲೆಯನ್ನು ಗೋಡೆಗೆ ಮಾತ್ರ ಸ್ಕ್ರೂ ಮಾಡಿದ್ದು, ಪೈಪಿಗೆ ಅಂಟಿಸಿಲ್ಲ. ಹೊರಗಿನ ಬಿಲ್ಲೆಯ ಕೆಳಗೆ ನೀರು ಹೋಗಲು ಒಂದು ಗೀಟು ಬಿಟ್ಟಿದ್ದೇನೆ. ಹಲ್ಲಿಯೂ ಬಂದಿಲ್ಲ, ಇಲಿಯೂ ಬಂದಿಲ್ಲ.

ಅದೇ ಸಮಯಕ್ಕೆ ಹೊರಗಿನ ಸಿಮೆಂಟ್ ಗಾರೆಯನ್ನೂ ತೆಗೆಸಿ ಸುಣ್ಣದ ಗಾರೆ ಹಾಕಿಸಿದೆ. ಒಂದು ಪಾಲು ನೆನೆಸಿದ ಸುಣ್ಣ, ಮೂರು ಪಾಲು ಮರಳು. ಚಿರೆಕಲ್ಲು ನೀರು ಕುಡಿಯುವ ಕಲ್ಲು. ಸುಣ್ಣವಾದರೆ ಆ ನೀರು ಮತ್ತೆ ಆರಲು ಬಿಡುತ್ತದೆ, ಸಿಮೆಂಟ್ ಒಳಗೇ ಹಿಡಿದಿಡುತ್ತದೆ. ಗೌಂಡಿಗೆ ಇದು ಒಪ್ಪಿಗೆಯಾಗಲಿಲ್ಲ. ದುಡ್ಡು ಕೊಡುವವನು ನಾನು ಅಂತ ಮಾಡಿಕೊಟ್ಟರು.

ಹೊರಗಿನ ಪೈಪು ಜೋಡಿಸಲು ತಗಡಿನ ಕೆಲಸದವನೊಬ್ಬ ಬಂದ. ಗೋಡೆ ದಾಟಿದ ಮೇಲೆ ಒಂದು ಟೀ, ಅಂದರೆ T ಆಕಾರದ ಮೂರು ಬಾಯಿಯ ತುಂಡು, ಟೀಯ ಕೆಳಬಾಯಿಗೆ ಮಸಿ ತೆಗೆಯಲು ಮುಚ್ಚಳ, ಮೇಲ್ಬಾಯಿಯಿಂದ ನೆಟ್ಟಗೆ ಪೈಪು. ಬಚ್ಚಲಿನ ಮಾಡಿಗಿಂತ ಕನಿಷ್ಠ ಮೂರು ಅಡಿ ಮೇಲೆ, ಹತ್ತು ಅಡಿಯೊಳಗೆ ಇರುವ ಯಾವುದಕ್ಕಿಂತಲೂ ಎರಡು ಅಡಿ ಮೇಲೆ ಬಾಯಿ ಇರಬೇಕು ಅನ್ನುವುದು ಸಾಮಾನ್ಯ ಲೆಕ್ಕ. ನಮ್ಮದು ನೆಲದಿಂದ 13 ಅಡಿಗೆ ನಿಂತಿತು. ಚಾಚಿದ ರೀಪುಗಳ ತುದಿ ಕೊಯ್ದು, ಅಲ್ಲಿ ಒಂದಿಂಚು ಗಾಳಿಸಂದಿ ಬಿಟ್ಟು ತಗಡಿನ ಅಡ್ಡ ಕಟ್ಟಿದೆವು. ಹಾಗೆ ಗಾಳಿಸಂದಿ ಇರುವ ತಗಡು ಇದ್ದರೆ ಆ 18 ಇಂಚು 6ಕ್ಕೆ ಇಳಿಯುತ್ತದೆ.

ಅವನು ತುಂಡುಗಳನ್ನು ಜೋಡಿಸಿದ್ದು ಮಾಡಿನ ನೀರಿಳಿಯುವ ಪೈಪಿನ ರೀತಿ. ನೀರಿನ ಪೈಪಿನಲ್ಲಿ ಮೇಲಿನ ತುಂಡು ಕೆಳಗಿನದರ ಒಳಗೆ ಕೂರುತ್ತದೆ. ಹೊಗೆಪೈಪಿಗೂ ಅದೇ ಸರಿ, ಒಳಗಿನ ಕರಿನೀರು ಒಳಗೇ ಇಳಿಯುತ್ತದೆ. ಆದರೆ ಅರ್ಧ ಕೆಲಸದಲ್ಲಿ ಅವನಿಗೆ ಅನುಮಾನ ಬಂತು. ಮಳೆ ಮೇಲಿನಿಂದ ಬೀಳುವಾಗ ಸಂದಿಯೊಳಗೆ ಹೋಗುವುದಿಲ್ಲವಾ? ಸರಿಯಾದ ಪ್ರಶ್ನೆಯೇ. ನನ್ನನ್ನು ಕೇಳದೆ ಕೊನೆಯ ಎರಡು ತುಂಡು ಉಲ್ಟಾ ಹಾಕಿದ, ಮೇಲಿನದು ಕೆಳಗಿನದಕ್ಕೆ ಟೊಪ್ಪಿಯ ಹಾಗೆ. ಮೂರೇ ವಾರಕ್ಕೆ ಆ ಸಂದಿಯಿಂದ ಹೊಸ ಸ್ಟೀಲಿನ ಮೇಲೆ ಕಾಫಿ ಡಿಕಾಕ್ಷನ್ನಿನಂಥ ಗೆರೆ ಇಳಿಯಿತು. ಮುಟ್ಟಿದರೆ ಅಂಟು, ಮೂಸಿದರೆ ಸುಟ್ಟ ಗೇರುಬೀಜದ ವಾಸನೆ, ಸಾಬೂನಿಗೆ ಹೋಗುವುದಿಲ್ಲ. ಮತ್ತೆ ಬಿಚ್ಚಿಸಿ ಎಲ್ಲವನ್ನೂ ಹೊಗೆಯ ಪರವಾಗಿ ಜೋಡಿಸಿ, ಮಳೆಯ ಪರವಾಗಿ ಪ್ರತಿ ಸಂದಿಗೂ ಬಿಸಿ ತಾಳುವ ಕೆಂಪು ಸಿಲಿಕೋನ್ ಹಚ್ಚಿ ಮೇಲೊಂದು ಸ್ಟೀಲ್ ಪಟ್ಟಿ ಬಿಗಿದೆವು.

ಮೊದಲ ಬೆಂಕಿಯ ಕಥೆ ಹೇಳುವುದು ಮರೆತೆ. ಆಯಿ ದೀಪ ಹಚ್ಚಿ, ಒಲೆಗೆ ಕುಂಕುಮ ಇಟ್ಟು, ಮಡ್ಲಿಗೆ ಬೆಂಕಿ ಕೊಟ್ಟಳು. ಹೊಗೆಯೆಲ್ಲ ಒಲೆಯ ಬಾಯಿಂದಲೇ ವಾಪಸ್ಸು! ಎಲ್ಲರೂ ಕೆಮ್ಮುತ್ತಾ ಹೊರಗೆ ಓಡಿದೆವು. ಕಾರಣ ಎರಡು. ಒಂದು, ಪೈಪು ತಣ್ಣಗಿತ್ತು. 30 ಡಿಗ್ರಿಯ ಒಂದು ಘನಮೀಟರ್ ಗಾಳಿ ಸುಮಾರು 1160 ಗ್ರಾಂ ತೂಗುತ್ತದೆ, 200 ಡಿಗ್ರಿಯದು 750 ಗ್ರಾಂ. ಆ ವ್ಯತ್ಯಾಸವೇ ಹೊಗೆಯನ್ನು ಮೇಲೆತ್ತುವುದು. ಪೈಪು ಕಾಯದೆ ವ್ಯತ್ಯಾಸವೇ ಇಲ್ಲ. ಈಗ ಟೀಯ ಕೆಳಗಿನ ಮುಚ್ಚಳ ತೆಗೆದು ಒಂದು ಹಾಳೆ ಪೇಪರ್ ಉರಿಸಿ, ಮುಚ್ಚಳ ಹಾಕಿ, ಆಮೇಲೆ ಒಲೆ ಹಚ್ಚುತ್ತೇವೆ. ಎರಡನೆಯದು, ಧೂಳು ಒಳಮನೆಗೆ ಬಾರದಿರಲಿ ಅಂತ ಬಚ್ಚಲಿನ ಜಾಲಂಧ್ರಕ್ಕೆ ನಾನೇ ಪ್ಲಾಸ್ಟಿಕ್ ಹೊಡೆದಿದ್ದೆ, ತೆಗೆಯಲು ಮರೆತಿದ್ದೆ. ಹೊಗೆ ಹೊರಗೆ ಹೋಗಬೇಕಾದರೆ ಅಷ್ಟೇ ಗಾಳಿ ಒಳಗೆ ಬರಬೇಕು. ಇದು ಬರೀ ಹೊಗೆಯ ಪ್ರಶ್ನೆಯಲ್ಲ. ಮುಚ್ಚಿದ ಬಚ್ಚಲಿನಲ್ಲಿ ಬೆಂಕಿಯಿಂದ ಕಾರ್ಬನ್ ಮಾನಾಕ್ಸೈಡ್ ತುಂಬಿದರೆ ವಾಸನೆಯಿಲ್ಲ, ಬಣ್ಣವಿಲ್ಲ, ತಲೆ ಸುತ್ತಿ ಬೀಳುವವರೆಗೆ ಗೊತ್ತಾಗುವುದಿಲ್ಲ. ಗ್ಯಾಸ್ ಗೀಸರ್ ಇರುವ ಬಚ್ಚಲುಗಳಲ್ಲಿ ಜನ ಸಾಯುವುದು ಹೀಗೆಯೇ. ಪೈಪು ಹಾಕಿದ್ದೇವೆ ಅಂತ ಕಿಂಡಿ ಮುಚ್ಚಬೇಡಿ. ನಾನು ಬಾಗಿಲಿನ ಕೆಳಗೂ ಎರಡಿಂಚು ಕೊಯ್ದೆ.

ಹಂಡೆಗೂ ಒಲೆಗೂ ನಡುವಿನ ಸಂದಿಗೆ ಆಯಿ ಮಣ್ಣು, ಸಗಣಿ ಕಲಸಿ ಮೆತ್ತಿದಳು. ಅಲ್ಲಿ ಬೆರಳು ತೂರುವಷ್ಟು ಸಂದಿ ಇದ್ದರೂ ಪೈಪು ಅಲ್ಲಿಂದಲೇ ಗಾಳಿ ಎಳೆಯುತ್ತದೆ, ಬೆಂಕಿಯಿಂದಲ್ಲ. ಅದು ಮುಚ್ಚಿದ ದಿನ ಒಲೆ ಬುಸುಬುಸು ಅಂತ ಉಸಿರಾಡಿತು.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಮೊದಲ ರಾತ್ರಿ ಟಾರ್ಚ್ ಹಿಡಿದು ಹೋಗಿ ನೋಡಿದೆ, ಒಣ. ಎರಡನೇ ರಾತ್ರಿ ಒಣ. ಬೀಗಿದೆ. ಮೂರನೇ ದಿನ ಗಾಳಿ ತಿರುಗಿ ಬಡಗಣ ಗೋಡೆಗೂ ಎರಚಲು ಬಡಿಯಿತು. ಬೆಳಿಗ್ಗೆ ಒಳಗಿನ ಬಿಲ್ಲೆಯ ಕೆಳಗೆ ಗೋಡೆಯ ಮೇಲೆ ಎರಡು ಬೆರಳಗಲ ಕೆಂಪು ಗೆರೆ, ನೆಲದವರೆಗೆ. ಆಯಿ ನೋಡಿದಳು, ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು.

ಎಲ್ಲಿಂದ? ಕೊಳವೆ ಹೊರಗೆ ಇಳಿದಿದೆ, ಗಾರೆಗೆ ಸೀಳಿಲ್ಲ, ಸಂದಿಗಳು ಬಿಗಿ. ಬಕೆಟ್ಟಿನಲ್ಲಿ ನೀರು ತಂದು ಮಗನ ಕೈಯಲ್ಲಿ ಒಂದೊಂದೇ ಜಾಗಕ್ಕೆ ಹೊಯ್ಯಿಸಿದೆ, ನಾನು ಒಳಗೆ ನಿಂತೆ. ಗೋಡೆಗೆ ಹೊಯ್ದ, ಬರಲಿಲ್ಲ. ಕೊಳವೆಯ ಮೇಲೆ ಹೊಯ್ದ, ಬರಲಿಲ್ಲ. ಟೀಯ ಮೇಲೆ ಹೊಯ್ದ, ಬಂತು. ಗೋಡೆಗೂ ಟೀಗೂ ನಡುವೆ ಒಂದಡಿ ಅಡ್ಡ ಪೈಪು ಇದೆಯಲ್ಲ, ಅದು ಹೊಗೆಗೋಸ್ಕರ ಹೊರಗೆ ಏರಿದೆ. ಹೊರಗೆ ಏರಿದ್ದು ಅಂದರೆ ಗೋಡೆಯ ಕಡೆಗೆ ಇಳಿದದ್ದೇ. ಅದರ ಬೆನ್ನಿನ ಮೇಲೆ ಬಿದ್ದ ನೀರೆಲ್ಲ ನೆಟ್ಟಗೆ ನನ್ನ ಗೋಡೆಯೊಳಗೆ ಬರುತ್ತಿತ್ತು. ಒಳಗಿನ ಕರಿನೀರಿಗೆ ನಾನು ಹಾಕಿಕೊಟ್ಟ ದಾರಿಯನ್ನೇ ಹೊರಗಿನ ಮಳೆನೀರೂ ಹಿಡಿದಿತ್ತು.

ಪರಿಹಾರ ಹೇಳಿದ್ದು ಪಕ್ಕದ ಮನೆಯವರು, ರಬ್ಬರ್ ತೋಟ ಇರುವವರು. ಮಳೆಗಾಲದಲ್ಲಿ ರಬ್ಬರ್ ಮರಕ್ಕೆ ಪ್ಲಾಸ್ಟಿಕ್ ಲಂಗ ಕಟ್ಟುತ್ತಾರಲ್ಲ, ಕಾಂಡದ ಮೇಲೆ ಹರಿಯುವ ನೀರು ಹಾಲಿನ ಬಟ್ಟಲಿಗೆ ಬೀಳದಿರಲಿ ಅಂತ. ಅದೇ ಉಪಾಯ. ಗೋಡೆಯಿಂದ ನಾಲ್ಕಿಂಚು ಹೊರಗೆ ಪೈಪಿನ ಸುತ್ತ ಒಂದು ಸ್ಟೀಲಿನ ಬಳೆ ಬಿಗಿದೆ, ಎರಡಿಂಚು ಎದ್ದು ನಿಂತದ್ದು, ಬುಡಕ್ಕೆ ಕೆಂಪು ಸಿಲಿಕೋನ್. ನೀರು ಪೈಪಿನ ಮೇಲೆ ಓಡಿ ಬಂದು ಬಳೆಗೆ ಡಿಕ್ಕಿ ಹೊಡೆದು ಕೆಳಗೆ ತೊಟ್ಟಿಕ್ಕುತ್ತದೆ. ಬಳೆ ದಾಟಿ ಎರಚಿದ ಚೂರುಪಾರು ನೀರನ್ನು ಇಳಿಜಾರು ಕೊಳವೆ ಹೊರಗೆ ಹಾಕುತ್ತದೆ. 140 ರೂಪಾಯಿಯ ತಗಡು. ಜುಲೈ ಇಡೀ ಒಣ.

ಒಟ್ಟು ಖರ್ಚು 14,300 ರೂ. ಅದರಲ್ಲಿ ಸ್ಟೀಲ್ ಪೈಪು, ಟೀ, ಪೈಪಿನ ಮೇಲ್ತುದಿಯ ಟೊಪ್ಪಿ ಸೇರಿ 7,200. ಕೂಲಿ 4,800, ಅದರಲ್ಲಿ ಮೂರನೇ ಒಂದು ಪಾಲು ಮಾಡಿದ್ದನ್ನು ಬಿಚ್ಚಿದ್ದಕ್ಕೆ. ಮಿಕ್ಕಿದ್ದು ಎಂಎಸ್ ಪೈಪು, ವುಲ್, ಸುಣ್ಣ, ಸಿಲಿಕೋನ್, ಹಾಳಾದ ಎರಡು ಡ್ರಿಲ್ ಬಿಟ್.

ತಿಂಗಳಿಗೊಮ್ಮೆ ಟೀಯ ಮುಚ್ಚಳ ತೆಗೆಯುತ್ತೇನೆ. ಒಣ ಸಿಪ್ಪೆ ಉರಿಸಿದ ತಿಂಗಳು ಒಂದು ಲೋಟ ಪುಡಿ ಮಸಿ ಬರುತ್ತದೆ, ಉದುರು ಉದುರಾಗಿ. ಜುಲೈಯಲ್ಲಿ ಒದ್ದೆ ಸಿಪ್ಪೆ ಉರಿಸಿದ್ದೆವು, ಆಗ ಬಂದದ್ದು ಎರಡು ಲೋಟ, ಹೊಳೆಯುವ ಅಂಟು ಹೆಕ್ಕಳ. ಅದು ಪೈಪಿನಲ್ಲೇ ಹತ್ತಿಕೊಂಡು ಉರಿಯುವ ಜಾತಿಯ ಮಸಿ. ಹಾಗಾಗಿ ಸಿಪ್ಪೆಯನ್ನು ಈಗ ಒಲೆಯ ಪಕ್ಕದ ಕಟ್ಟೆಯ ಮೇಲೆ ಒಂದು ವಾರ ಒಣಗಿಸಿಯೇ ಹಾಕುವುದು. ಟೊಪ್ಪಿಗೆ ಹಕ್ಕಿ ಬಾರದಿರಲಿ ಅಂತ ಸಣ್ಣ ಕಣ್ಣಿನ ಜಾಲರಿ ಸುತ್ತಿದ್ದೆ, ಅದು ಆಗಸ್ಟಿನಲ್ಲಿ ಮಸಿಯಿಂದ ಮುಚ್ಚಿಹೋಗಿ ಮತ್ತೆ ಹೊಗೆ ವಾಪಸ್ಸು ಬಂತು. ಏಣಿ ಹತ್ತಿ ಕಿತ್ತು ಹಾಕಿದೆ. ಮುಕ್ಕಾಲಿಂಚಿನ ಕಣ್ಣಿನದು ತಂದಿಟ್ಟಿದ್ದೇನೆ, ಮಳೆ ಬಿಟ್ಟ ಮೇಲೆ ಹತ್ತಬೇಕು.